ಹಳದಿ ಕೆಂಪಿನ ಮೇಲೊಂದು ಮೇಕೆ

ನಾವು ನ್ಯೂಜೆರ್ಸಿಯ ಮನ್ರೋಗೆ ಮನೆ ಬದಲಾಯಿಸಿದ ವರ್ಷದ ದಸರೆಗೆ ನಮ್ಮ ಮನೆಯವರು ಮಾಡಿದ ತಪ್ಪನ್ನು ಹುಬ್ಬಳ್ಳಿ-ಧಾರವಾಡದ ಕಡೆಯವರಲ್ಲದೆ ಬೇರೆ ಯಾರೂ ಮಾಡಲಾರರು.

ಐವತ್ತೈದು ದಾಟಿದವರಿಗೆಂದೇ ಕಟ್ಟಿದ ಮನೆಗಳ ಬಡಾವಣೆ ಅದು. ಎಲ್ಲ ಮನೆಗಳೂ ಒಂದೇ ಅಚ್ಚು, ಒಂದೇ ಬೂದು ಬಣ್ಣ. ಮೊದಲ ವಾರ ನಾನು ಬೇರೆಯವರ ಗರಾಜಿನ ಮುಂದೆ ಕಾರು ನಿಲ್ಲಿಸಿ ರಿಮೋಟ್ ಒತ್ತುತ್ತ, ಬ್ಯಾಟರಿ ಹೋಗಿದೆ ಎಂದು ಬೈದುಕೊಳ್ಳುತ್ತ ಕೂತಿದ್ದೆ. ನಮ್ಮವರಿಗೆ ಆಗಲೇ ನಿವೃತ್ತಿಯಾಗಿತ್ತು. ನಾನು ಮಾತ್ರ ಪ್ರಿನ್ಸ್‌ಟನ್ ಕಡೆಯ ಔಷಧ ಕಂಪನಿಯೊಂದರ ಲ್ಯಾಬಿಗೆ ದಿನಾ ಡ್ರೈವ್ ಮಾಡುತ್ತಿದ್ದೆ. ಒಂದು ಭಾನುವಾರ ದಿನಸಿ ತರಲು ಹೊರಟಾಗ, ರಸ್ತೆ ತಿರುಗುವಲ್ಲಿ ನಮ್ಮವರು ಬ್ರೇಕ್ ಹಾಕಿದ ಹೊಡೆತಕ್ಕೆ ನನ್ನ ಹಣೆ ಡ್ಯಾಶ್‌ಬೋರ್ಡಿಗೆ ತಗಲುವುದೊಂದು ಬಾಕಿ.

"ಏ, ನೋಡಲ್ಲೆ! ನಮ್ಮ ಬಾವುಟ! ನಮ್ಮ ಮಂದಿ ಅದಾರ ಇಲ್ಲೆ!"

ನಿಜವೇ. ಒಂದು ಮನೆಯ ಬಾಗಿಲ ಪಕ್ಕದ ಕಂಬದಲ್ಲಿ ಮೇಲೆ ಹಳದಿ, ಕೆಳಗೆ ಕೆಂಪು. "ನಡುವ ಏನೋ ಅದ ಅಲ್ರೀ," ಎಂದೆ ನಾನು. "ಭುವನೇಶ್ವರಿ ಇರ್ಬೇಕು. ಇಲ್ಲಾಂದ್ರ ಯಾವ್ದೋ ಸಂಘದ ಮುದ್ರಿ," ಎಂದರು. ಅವರು ಕನ್ನಡ ಸಂಘದ ಸಮಿತಿಯಲ್ಲಿ ಇಲ್ಲದ ವರ್ಷವೇ ಇಲ್ಲ. ಜಗತ್ತಿನಲ್ಲಿ ಎಲ್ಲ ಬಟ್ಟೆಯ ಮೇಲೂ ಯಾವುದಾದರೊಂದು ಸಂಘದ ಮುದ್ರೆ ಇರುತ್ತದೆ ಎಂದೇ ಅವರ ನಂಬಿಕೆ.

ವಿಜಯದಶಮಿಯ ಸಂಜೆ ಅವರು ಧೋತರ ಉಟ್ಟು, ಮೇಲೆ ಚಳಿಗೆಂದು ಜಾಕೆಟ್ ಹಾಕಿಕೊಂಡು, ಹುಬ್ಬಳ್ಳಿಯಿಂದ ಯಾರದೋ ಸೂಟ್‌ಕೇಸಿನಲ್ಲಿ ಬಂದಿದ್ದ ಒಣ ಬನ್ನಿ ಎಲೆಗಳನ್ನು ಹಿಡಿದು ಆ ಮನೆಗೆ ನಡೆದರು. ಇಳಕಲ್ ಸೀರೆಯ ಮೇಲೆ ಕೋಟು ಹಾಕಿಕೊಂಡು ನಾನೂ ಹಿಂದೆ. ಬಾಗಿಲು ತೆರೆಯಿತೋ ಇಲ್ಲವೋ, ಮುಖವನ್ನೂ ನೋಡದೆ ನಮ್ಮವರು ಎದುರಿನ ಕೈಯಲ್ಲಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ," ಎಂದು ಬಗ್ಗಿ ನಮಸ್ಕಾರ ಮಾಡಿಬಿಟ್ಟರು. ಎದ್ದು ನೋಡಿದರೆ ಎಂಬತ್ತು ದಾಟಿದ, ಬಾಗಿಲಷ್ಟೇ ಎತ್ತರದ ಬಿಳಿಯ ಮುದುಕ. ಆತ ಎಲೆಯನ್ನೊಮ್ಮೆ ಮೂಸಿ ನೋಡಿದ. ಆಮೇಲೆ ನಮ್ಮವರ ಧೋತರ ನೋಡಿದ. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ನಮ್ಮವರು ತಡವರಿಸುತ್ತ ವಿಷಯ ವಿವರಿಸಿದರು. ಈ ಬಣ್ಣದ ಬಾವುಟ ನಮ್ಮ ನಾಡಿನದು, ಹಾಗಾಗಿ ಹೀಗೆ ತಿಳಿದೆವು, ಇವತ್ತು ಹಬ್ಬ, ಈ ಎಲೆಯನ್ನು ಬಂಗಾರವೆಂದು ಕೊಡುವುದು ನಮ್ಮ ಪದ್ಧತಿ. ಮುದುಕ ಕೊನೆಯ ಮಾತಿಗೆ ತಲೆ ಎತ್ತಿದರು. ತಮ್ಮ ಬಾವುಟದ ಕಡೆ ಕೈ ತೋರಿಸಿ, "ಅದು ಹಳದಿ ಅಲ್ಲ. ಅದೂ ಬಂಗಾರವೇ," ಎಂದರು. ಅವರ ಕಡೆ ಲಾಂಛನಗಳಲ್ಲಿ ಹಳದಿ ಎಂಬ ಬಣ್ಣವೇ ಇಲ್ಲವಂತೆ, ಬಂಗಾರ ಅನ್ನಬೇಕಂತೆ, ಬಿಳಿಗೆ ಬೆಳ್ಳಿ. ನೀವು ಎಲೆಗೆ ಬಂಗಾರ ಅನ್ನುತ್ತೀರಿ, ನಾವು ಬಟ್ಟೆಗೆ ಅನ್ನುತ್ತೇವೆ, ಒಳಗೆ ಬನ್ನಿ ಎಂದರು. ಅವತ್ತಿನಿಂದ ನಮ್ಮವರು ಅವರನ್ನು ಅಜ್ಜಾರು ಎಂದೇ ಕರೆದರು. ನನಗೂ ಅದೇ ಬಾಯಿಗೆ ಬಂತು.

ಅಜ್ಜಾರು ಜರ್ಮನಿಯ ಒಂದು ಪುಟ್ಟ ಊರಿನವರು. ಹರೆಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕೆಲಸಕ್ಕೆಂದು ನ್ಯೂಜೆರ್ಸಿಗೆ ಬಂದು ಇಲ್ಲೇ ಉಳಿದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಟೆಕ್ಸಸ್‌ನಲ್ಲಿ. ಅವರ ಗರಾಜಿನ ಗೋಡೆಯ ತುಂಬ ಜರ್ಮನಿಯ ಊರುಗಳ ಲಾಂಛನದ ತಗಡುಗಳು ಇದ್ದವು: ಒಂದು ಊರಿಗೆ ಕರಡಿ, ಒಂದಕ್ಕೆ ಬೀಗದ ಕೈ, ಒಂದಕ್ಕೆ ಗಾಲಿ, ಗಣಿ ಇದ್ದ ಊರಿಗೆ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ. ನಾಲ್ಕು ಬೀದಿಯ ಊರಿಗೂ ಒಂದು ಗುರಾಣಿ, ಆ ಗುರಾಣಿಯ ಬಣ್ಣಗಳಿಂದಲೇ ಒಂದು ಬಾವುಟ. ಬಂಗಾರದ ಮೇಲೆ ಬೆಳ್ಳಿ ಇಡಬಾರದು, ಬಣ್ಣದ ಮೇಲೆ ಬಣ್ಣ ಇಡಬಾರದು, ದೂರದಿಂದ ಕಾಣುವುದಿಲ್ಲ ಎಂದು ಅವರು ಒಂದು ಸಲ ಹೇಳಿದಾಗ ನಾನು, ಇದನ್ನು ನಮ್ಮ ಅವ್ವ ಕಸೂತಿ ಕಲಿಸುವಾಗಲೇ ಹೇಳಿದ್ದಳು, ಕಪ್ಪು ಸೀರೆಗೆ ಯಾರಾದರೂ ಕಪ್ಪು ನೂಲು ಹಾಕುತ್ತಾರೆಯೇ ಎಂದೆ. ಅವರಿಗೆ ಅದು ಬಹಳ ಹಿಡಿಸಿತು.

ಅವರ ಊರಿನ ಗುರಾಣಿಗೆ ಮೇಲೆ ಬಂಗಾರದಲ್ಲಿ ಕೆಂಪು ಮೇಕೆ, ಕೆಳಗೆ ಕೆಂಪಿನಲ್ಲಿ ಬಂಗಾರದ ಮೂರು ಕಾಲಿನ ಗಡಿಗೆ. ಸುತ್ತ ಕಪ್ಪು ಅಂಚು. ಮೇಕೆ ಯಾಕೆ, ಗಡಿಗೆ ಯಾಕೆ ಎಂದು ಕೇಳಿದೆ. ಯಾರಿಗೂ ಗೊತ್ತಿಲ್ಲ ಎಂದರು. ಬರಗಾಲದಲ್ಲಿ ಕೊನೆಯ ಮೇಕೆಯನ್ನು ಕಡಿದು ಊರಿಗೆಲ್ಲ ಬಡಿಸಿದರು ಎಂದು ಶಾಲೆಯಲ್ಲಿ ಹೇಳಿಕೊಡುತ್ತಿದ್ದರಂತೆ. "ಸುಳ್ಳು," ಎಂದರು ಅಜ್ಜಾರು, "ನಮ್ಮೂರಿನವರು ಯಾರಿಗೂ ಏನೂ ಬಡಿಸಿದವರಲ್ಲ." ಒಂದು ಮೇಕೆ, ಒಂದು ಗಡಿಗೆ, ಇಷ್ಟಕ್ಕೆ ಇಷ್ಟು ಜಂಬವೇ ಎಂದು ಆಗ ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ಆ ಊರು ಈಗ ಇಲ್ಲ. ಮನೆಗಳಿವೆ, ಚರ್ಚಿದೆ, ಹೊಳೆ ಇದೆ; ಊರು ಎಂಬುದು ಇಲ್ಲ. ಇವರು ಅಮೆರಿಕಕ್ಕೆ ಬಂದ ಮೇಲೆ ಅಲ್ಲಿನ ಸರ್ಕಾರ ಅಕ್ಕಪಕ್ಕದ ಸಣ್ಣ ಊರುಗಳನ್ನೆಲ್ಲ ಸೇರಿಸಿ ಒಂದೇ ಪುರಸಭೆ ಮಾಡಿ, ಅದಕ್ಕೆ ಹೊಸ ಲಾಂಛನ ಬರೆಸಿತು. ಹಸಿರು ಗುರಾಣಿ, ಅದರ ಮೇಲೆ ಹೊಳೆಗೆಂದು ಒಂದು ಬಿಳಿ ಡೊಂಕು ಗೆರೆ, ಊರಿಗೊಂದರಂತೆ ನಕ್ಷತ್ರಗಳು. ಮೇಕೆಯೂ ಇಲ್ಲ, ಗಡಿಗೆಯೂ ಇಲ್ಲ. ಸಮಿತಿ ಕೂತು ಮಾಡಿದ್ದೆಂದು ನೋಡಿದರೇ ಗೊತ್ತಾಗುತ್ತದೆ ಎಂದರು ಅಜ್ಜಾರು. ಸಮಿತಿಯ ಮನುಷ್ಯನನ್ನೇ ಕಟ್ಟಿಕೊಂಡ ನನಗೆ ಆ ಮಾತು ತಕ್ಷಣ ಅರ್ಥವಾಯಿತು. ಹಳೆಯ ಪುರಸಭೆಯ ಕಟ್ಟಡದಿಂದ ಬಾವುಟ ಇಳಿಸಿದ ದಿನ, ಅಲ್ಲೇ ಗುಮಾಸ್ತರಾಗಿದ್ದ ಅವರ ಅಣ್ಣ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದು ಇವರಿಗೆ ಪಾರ್ಸೆಲ್ ಮಾಡಿದ್ದರಂತೆ. ಅಣ್ಣನೂ ಹೋದರು. ಭೂಮಿಯ ಮೇಲೆ ಉಳಿದಿರುವುದು ಇದೊಂದೇ ಎಂದು ಅಜ್ಜಾರು ಹೇಳುವಾಗ ಅವರ ದನಿ ಸ್ವಲ್ಪ ಗಟ್ಟಿಯಾಗುತ್ತಿತ್ತು.

ಮುಂದಿನ ವರ್ಷ ಬಡಾವಣೆಯ ಮನೆಮಾಲೀಕರ ಸಂಘ, ಅಂದರೆ ಎಚ್‌ಓಎ, ಅವರಿಗೆ ನೋಟಿಸು ಕೊಟ್ಟಿತು. ಮನೆ ಮುಂದೆ ಅಮೆರಿಕದ ಧ್ವಜ ಬಿಟ್ಟರೆ ಬೇರೆ ಬಾವುಟ ಹಾರಿಸುವಂತಿಲ್ಲ. ಯಾರೋ ದೂರು ಕೊಟ್ಟಿದ್ದರು; ಕೊಟ್ಟವರು ಯಾರೆಂದು ಹೇಳುವುದಿಲ್ಲವಂತೆ. ನಮ್ಮವರು ಅವರ ಪರವಾಗಿ ಮೀಟಿಂಗಿಗೆ ಹೋಗಿ ಮಾತನಾಡಿದರು, ನಾನೂ ಕೂತು ಬಂದೆ. ನಿಯಮ ಎಲ್ಲರಿಗೂ ಒಂದೇ ಎಂದು ಬಹಳ ಮರ್ಯಾದೆಯಿಂದ ಕಳಿಸಿಕೊಟ್ಟರು. ಆಮೇಲೆ ಅಜ್ಜಾರು ಬಾವುಟವನ್ನು ಗರಾಜಿನ ಒಳಗೆ ನೇತುಹಾಕಿದರು. ಭಾನುವಾರ ಗರಾಜಿನ ಬಾಗಿಲು ಮೇಲೆತ್ತಿ, ಅದರ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಮಧ್ಯಾಹ್ನದವರೆಗೆ ಕೂರುತ್ತಿದ್ದರು. ಗರಾಜಿನೊಳಗಿನ ವಸ್ತುವಿಗೆ ಎಚ್‌ಓಎ ನಿಯಮ ಅನ್ವಯಿಸುವುದಿಲ್ಲ. ನಾಯಿ ಕರೆದುಕೊಂಡು ಹೋಗುವವರು ಕೈ ಬೀಸಿ ಮುಂದೆ ಹೋಗುತ್ತಿದ್ದರು. ಅದು ಏನೆಂದು ಒಬ್ಬರೂ ಕೇಳಲಿಲ್ಲ.

ಹಾಗೆ ಕೆಲವು ವರ್ಷ ನಡೆಯಿತು. ಪ್ರತಿ ದಸರೆಗೂ ನಾವು ಹೋಗಿ ಬನ್ನಿ ಕೊಟ್ಟು ಬರುತ್ತಿದ್ದೆವು. ಹಿಂದಿನ ವರ್ಷಗಳ ಎಲೆಗಳನ್ನು ಅವರು ಒಂದು ಗಾಜಿನ ಬಟ್ಟಲಲ್ಲಿ ಇಟ್ಟುಕೊಂಡಿದ್ದರು.

ಒಂದು ಗಾಳಿಯ ದಿನ ಗರಾಜಿನ ಬಾಗಿಲು ಇಳಿಯುವಾಗ ಬಾವುಟದ ಅಂಚು ಅದರಲ್ಲಿ ಸಿಕ್ಕಿ ಹರಿಯಿತು. ಒಂದು ಬದಿಯ ಮೇಕೆ ಅರ್ಧ ಕಿತ್ತುಹೋಯಿತು. ಅಜ್ಜಾರು ಅದನ್ನು ಮಡಿಸಿ ಎದೆಗೆ ಒತ್ತಿಕೊಂಡು ನಮ್ಮ ಮನೆಗೆ ನಡೆದುಬಂದರು. ನನಗೆ ಹೊಲಿಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ಆ ಚಳಿಗಾಲದ ಶನಿವಾರಗಳನ್ನೆಲ್ಲ ನಾನು ಆ ಮೇಕೆಗೆ ಕೊಟ್ಟೆ. ಹೊಸ ಕೆಂಪು ಬಟ್ಟೆ ಕತ್ತರಿಸಿ, ಅಂಚು ಮಡಿಚಿ, ಗಂಟು ಕಾಣದ ಹಾಗೆ ಹೊಲಿದು, ಹೆಮ್ಮೆಯಿಂದ ತೋರಿಸಿದೆ. ಅವರು ಎರಡೂ ಬದಿ ತಿರುಗಿಸಿ ನೋಡಿದರು.

"ಏನಾಯಿತು?"

"ಮೇಕೆ ಓಡಿಹೋಗುತ್ತಿದೆ," ಎಂದರು.

ಬಾವುಟದ ಯಾವ ಬದಿಯಿಂದ ನೋಡಿದರೂ ಪ್ರಾಣಿ ಕಂಬದ ಕಡೆಗೇ ಮುಖ ಮಾಡಿರಬೇಕಂತೆ. ಕಂಬ ಹಿಡಿದವನು ಮುಂದೆ ನಡೆಯುತ್ತಾನೆ. ಮೇಕೆ ಹಿಂದೆ ನೋಡಿದರೆ ಯುದ್ಧ ಬಿಟ್ಟು ಓಡಿದ ಹಾಗೆ. ನಾನು ಆ ಬದಿಯ ಹಳೆಯ ಮೇಕೆಯನ್ನು ನೋಡಿಕೊಂಡು ಈ ಬದಿಯದಕ್ಕೂ ಬಲಕ್ಕೇ ಮುಖ ಮಾಡಿಸಿದ್ದೆ. ಬಂದ ಸಿಟ್ಟಿಗೆ ಆ ಮೇಕೆಯನ್ನು ಅಲ್ಲೇ ಕತ್ತರಿಸಿ ಸಾರು ಮಾಡಬೇಕು ಅನ್ನಿಸಿತು, ಅದೂ ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಆದರೆ ಬಿಚ್ಚಿದೆ. ಮತ್ತೆ ಹೊಲಿದೆ. ಈ ಸಲ ನೋಡಿ ಅವರು ಮೇಕೆಯ ಬೆನ್ನ ಮೇಲೆ ಹೆಬ್ಬೆರಳು ಸವರಿದರು. ಆಮೇಲೆ ಬಾವುಟ ತೆಗೆದುಕೊಂಡು ಹೋಗಲಿಲ್ಲ.

"ಇದು ನಿಮ್ಮಲ್ಲೇ ಇರಲಿ," ಎಂದರು. "ನಾನು ಸತ್ತಾಗ ಪೆಟ್ಟಿಗೆಯ ಮೇಲೆ ಹಾಸಿ. ನನ್ನ ಜೊತೆ ಮಣ್ಣಿಗೆ ಹೋಗಲಿ. ನನ್ನ ಮನೆಯಲ್ಲಿದ್ದರೆ ಮಗಳು ಸಾಮಾನು ಖಾಲಿ ಮಾಡುವವರನ್ನು ಕರೆಸುತ್ತಾಳೆ, ಅವರಿಗೇನು ಗೊತ್ತಾಗಬೇಕು? ಮಗಳಿಗೂ ಹೇಳಿದ್ದೇನೆ. ಅವಳು ಎಲ್ಲದಕ್ಕೂ ಹೂಂ ಅನ್ನುತ್ತಾಳೆ."

ಹಾಗೇ ಮಾಡುತ್ತೇನೆ ಎಂದೆ. ಮಾತು ಕೊಡುವಾಗ ನನಗೆ ಅದು ದೊಡ್ಡ ಕೆಲಸ ಅನ್ನಿಸಲಿಲ್ಲ. ಒಂದು ಬಟ್ಟೆ, ಒಂದು ಪೆಟ್ಟಿಗೆ. ಹಾಸಿದರಾಯಿತು.

ಆ ಸೆಪ್ಟೆಂಬರಿನಲ್ಲಿ ಅವರು ಸ್ನಾನದ ಮನೆಯಲ್ಲಿ ಬಿದ್ದರು. ಆಸ್ಪತ್ರೆ, ಅಲ್ಲಿಂದ ಮತ್ತೆ ನಡೆಯಲು ಕಲಿಸುವ ರಿಹ್ಯಾಬ್, ಅಲ್ಲಿಂದ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್. ದಸರೆಗೆ ಅಲ್ಲಿಗೇ ಹೋದೆವು. ಗುರುತು ಹಿಡಿದರೋ ಇಲ್ಲವೋ ಹೇಳಲಾರೆ. ನಮ್ಮವರು ಎಲೆ ಕೊಟ್ಟಾಗ ಮುಷ್ಟಿ ಮುಚ್ಚಿಕೊಂಡರು. ಮೇಕೆ ಕಂಬದ ಕಡೆಗೇ ನೋಡುತ್ತಿದೆ ಎಂದು ನಾನು ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಕಣ್ಣು ತೆರೆಯಲಿಲ್ಲ. ಅದಾದ ಮೇಲೆ ಅಲ್ಲಿ ಯಾವುದೋ ಜ್ವರ ಹಬ್ಬಿ, ಹೊರಗಿನವರನ್ನು ಬಿಡುವುದನ್ನು ನಿಲ್ಲಿಸಿದರು. ಫೋನ್ ಮಾಡಿದರೆ, ಸಂಬಂಧಿಕರಲ್ಲದವರಿಗೆ ಏನೂ ಹೇಳುವಂತಿಲ್ಲ ಎನ್ನುತ್ತಿದ್ದರು. ಮತ್ತೆ ಬಿಡತೊಡಗಿದ ದಿನವೇ ಹೋದೆ. ಆ ಹಾಸಿಗೆಯಲ್ಲಿ ಬೇರೊಬ್ಬರು ಟಿವಿ ನೋಡುತ್ತ ಮಲಗಿದ್ದರು.

ಪಕ್ಕದ ಮನೆಯವರಿಂದ ಮಗಳ ನಂಬರ್ ಸಿಕ್ಕಿತು. ಒಳ್ಳೆಯ ಹೆಂಗಸು, ದನಿಯಲ್ಲೇ ದಣಿವು. ಅಪ್ಪ ಹೋಗಿ ಹೆಚ್ಚು ಕಡಿಮೆ ಎರಡು ವಾರವಾಯಿತು, ದಹನ ಮಾಡಿಸಿಬಿಟ್ಟೆವು, ಕಾರ್ಯಕ್ರಮ ಅಂತ ಏನೂ ಇಟ್ಟುಕೊಳ್ಳಲಿಲ್ಲ, ಬರುವವರಾದರೂ ಯಾರಿದ್ದರು ಎಂದರು. ಬೂದಿಯನ್ನು ಟಪಾಲಿನಲ್ಲಿ ಕಳಿಸಿಕೊಟ್ಟರಂತೆ. ನಾನು ಬಾವುಟದ ವಿಷಯ ಹೇಳಿದೆ. ಹೌದು, ಏನೋ ಹೇಳುತ್ತಿದ್ದ, ನಿಮ್ಮದು ಎಷ್ಟು ಒಳ್ಳೆಯ ಮನಸ್ಸು, ಅದನ್ನು ನೀವೇ ಇಟ್ಟುಕೊಳ್ಳಿ ಎಂದರು. ಬೂದಿಯ ಜೊತೆಯಾದರೂ ಇಡಿ, ಕಳಿಸಿಕೊಡುತ್ತೇನೆ ಎಂದೆ. ನಮ್ಮದು ಸಣ್ಣ ಅಪಾರ್ಟ್‌ಮೆಂಟ್ ಎಂದರು. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಜೋರಾಗಿ ಅತ್ತೆ. ಆ ಮಗಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಅದೂ ಆಗಲಿಲ್ಲ.

ಮಣ್ಣಿಗೆ ಹೋಗದಿದ್ದರೆ ಊರಿಗಾದರೂ ಹೋಗಲಿ ಎಂದುಕೊಂಡೆ. ಆ ಹೊಸ ಪುರಸಭೆಗೆ, ಕಂಪ್ಯೂಟರಿನ ಅನುವಾದ ಹಿಡಿದುಕೊಂಡು, ಜರ್ಮನ್‌ನಲ್ಲೇ ಇಮೇಲ್ ಬರೆದೆ. ನಿಮ್ಮ ಹಳೆಯ ಊರಿನ ಉಳಿದಿರುವ ಒಂದೇ ಬಾವುಟ ನನ್ನ ಹತ್ತಿರವಿದೆ, ಖರ್ಚು ನನ್ನದೇ, ಕಳಿಸುತ್ತೇನೆ ಎಂದೆ. ಚಳಿಗಾಲ ಮುಗಿಯುವ ಹೊತ್ತಿಗೆ ಉತ್ತರ ಬಂತು. ತುಂಬ ಸೌಜನ್ಯದ ಉತ್ತರ. ಅಂಥ ಬಾವುಟಗಳು ನಮ್ಮ ಉಗ್ರಾಣದಲ್ಲಿ ಈಗಾಗಲೇ ಎರಡಿವೆ, ಎರಡೂ ಒಳ್ಳೆಯ ಸ್ಥಿತಿಯಲ್ಲಿವೆ, ಮೂರನೆಯದಕ್ಕೆ ಜಾಗವಿಲ್ಲ, ಧನ್ಯವಾದ. ಅಜ್ಜಾರು ಇದನ್ನು ಓದಲಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡೆ. ಇಲ್ಲಿಯ ಹಳೆಯ ಜರ್ಮನ್ ಕ್ಲಬ್ಬೊಂದನ್ನು ಹುಡುಕಿಕೊಂಡು ಹೋದರೆ ಆ ಜಾಗದಲ್ಲಿ ಜಿಮ್ ಇತ್ತು. ಕೊನೆಗೆ ಬಾವುಟವನ್ನು ದಿಂಬಿನ ಚೀಲದಲ್ಲಿ ಹಾಕಿ ಬಟ್ಟೆ ಇಡುವ ಕ್ಲಾಸೆಟ್ಟಿನ ಮೇಲಿನ ಹಲಗೆಯಲ್ಲಿಟ್ಟೆ. ಚಳಿಯ ಬಟ್ಟೆ ತೆಗೆಯುವಾಗಲೆಲ್ಲ ಕೈಗೆ ತಗಲುತ್ತಿತ್ತು, ತಗಲಿದಾಗಲೆಲ್ಲ ಕಣ್ಣು ತುಂಬುತ್ತಿತ್ತು. ನಮ್ಮವರು ನೋಡಿ ಆಚೆ ಹೋಗುತ್ತಿದ್ದರು.

ಮುಂದಿನ ನವೆಂಬರ್. ರಾಜ್ಯೋತ್ಸವಕ್ಕೆ ಸಂಘದವರು ಶಾಲೆಯೊಂದರ ಆಡಿಟೋರಿಯಂ ಹಿಡಿದಿದ್ದರು. ನಾನು ಲ್ಯಾಬ್ ಮುಗಿಸಿ ಟ್ರಾಫಿಕ್ ದಾಟಿ ತಡವಾಗಿ ಹೋದೆ. ಹಿಂದಿನ ಸಾಲಿನಲ್ಲಿ ಕೂರುವಷ್ಟರಲ್ಲಿ ಪರದೆ ಸರಿಯಿತು. ಹಿಂಗೋಡೆಯ ಮೇಲೆ ದೊಡ್ಡ ಬಾವುಟ, ಮೇಲೆ ಹಳದಿ, ಕೆಳಗೆ ಕೆಂಪು. ಮೊದಲು ಗುರುತು ಸಿಗಲಿಲ್ಲ. ಆಮೇಲೆ ಹರಿದ ಅಂಚಿಗೆ ನಾನೇ ಹಾಕಿದ ಹೊಲಿಗೆ ಕಂಡಿತು.

ಮೇಕೆ ಇರಲಿಲ್ಲ, ಗಡಿಗೆಯೂ ಇರಲಿಲ್ಲ. ಗುರಾಣಿ ಹೊಲಿದಿದ್ದ ಜಾಗಕ್ಕೆ ಅಷ್ಟು ವರ್ಷ ಬಿಸಿಲು ತಗಲಿರಲಿಲ್ಲ. ಅಲ್ಲಿ ಮಾತ್ರ ಹಳದಿ ಹೊಸ ಹಳದಿಯಾಗಿ, ಕೆಂಪು ಹೊಸ ಕೆಂಪಾಗಿ ಉಳಿದಿತ್ತು. ಬಣ್ಣ ಮಾಸಿದ ಬಟ್ಟೆಯ ನಡುವೆ ಒಂದು ಖಾಲಿ ಗುರಾಣಿ. ಪಕ್ಕದಲ್ಲಿದ್ದ ಆಂಟಿಯೊಬ್ಬರು, "ಡಿಸೈನ್ ಎಷ್ಟು ಚೆನ್ನಾಗಿದೆ ಅಲ್ವಾ, ವೆರಿ ಸಟಲ್," ಎಂದರು. ನಾಡಗೀತೆ ಶುರುವಾಯಿತು. ಇಡೀ ಸಭಾಂಗಣ ಎದ್ದು ನಿಂತಿತು. ನಾನೂ ನಿಂತೆ. ಚಿಕ್ಕಂದಿನಿಂದ ಹಾಡಿದ ಹಾಡು, ಬಾಯಿ ತಾನಾಗಿ ಹಾಡಿತು.

ಕಾರ್ಯಕ್ರಮ ಮುಗಿದ ಮೇಲೆ ನಮ್ಮವರು ಬೆವರು ಒರೆಸಿಕೊಳ್ಳುತ್ತ ಬಂದರು. "ಬೆಂಗಳೂರಿಂದ ಬಾವುಟದ ಪಾರ್ಸೆಲ್ ಬರ್ಲೇ ಇಲ್ಲ ನೋಡು. ನಿನಗ ಹೇಳಿದ್ರ ಅಳ್ತಿ ಅಂತ ಹೇಳ್ಲಿಲ್ಲ. ಹೆಂಗ ಕಂಡಿತು?"

"ಆಡು ಎಲ್ಲದ?"

"ಯಾವ ಆಡು?"

"ಬಾವುಟದಾಗಿನ ಆಡು. ಆ ಗಡಿಗಿ. ಎಲ್ಲವ ಅವು?"

"ಟೇಲರ್ ಬಿಚ್ಚಿ ತೆಗೆದ. ಅವನ್ನ ಯಾಕ ಇಟ್ಕೋತಾನ? ಕಸಕ್ಕ ಹಾಕಿರ್ಬೇಕು." ನನ್ನ ಮುಖ ನೋಡಿ ಅವರ ದನಿ ಇಳಿಯಿತು. "ಚೀಲದಾಗ ಕೊಳೆಯೋದಕ್ಕಿಂತ ಛಲೋ ಆತಿಲ್ಲೋ? ಅದನ್ನ ಕಂಡು ಇಷ್ಟು ಮಂದಿ ಎದ್ದು ನಿಂತ್ರು. ಅಜ್ಜಾರು ಅಷ್ಟು ವರ್ಷ ಗರಾಜಿನ್ಯಾಗ ಕೂತಾಗ ಯಾರ್ ಎದ್ದು ನಿಂತಿದ್ರು?"

ಬೈಯಬೇಕೆಂದು ಬಾಯಿ ತೆರೆದೆ. ಮೂವತ್ತು ವರ್ಷದಿಂದ ಈ ಮನುಷ್ಯನಿಗೆ ಎದುರುತ್ತರ ಕೊಡುತ್ತ ಬಂದವಳು ನಾನು. ಅವತ್ತು ಯಾವ ಟೇಲರ್ ಎಂದಷ್ಟೇ ಕೇಳಿದೆ.

ಟೇಲರ್ ಅಂಗಡಿಗೆ ಮಾರನೆಯ ದಿನವೇ ಹೋಗಿ ಕೇಳಿದೆ. ಚಿಂದಿಯನ್ನೆಲ್ಲ ಕಸದ ಗಾಡಿಯವರು ಆಗಲೇ ಒಯ್ದಿದ್ದರು.

ಸಂಘದ ಸಾಮಾನೆಲ್ಲ ನಮ್ಮ ಗರಾಜಿನಲ್ಲೇ ಇರುತ್ತದೆ: ದೀಪದ ಕಂಬ, ಮೈಕು, ಪ್ಲಾಸ್ಟಿಕ್ ಹೂವಿನ ಹಾರಗಳು. ಬಾವುಟವೂ ಅಲ್ಲೇ ಒಂದು ಡಬ್ಬಿಯಲ್ಲಿದೆ. ಮುಂದಿನ ವರ್ಷಕ್ಕೂ ಅದೇ ಆಯಿತೆಂದು ಸಮಿತಿ ತೀರ್ಮಾನಿಸಿದೆ. ದಿನಾ ಸಂಜೆ ನಾನು ಅದರ ಪಕ್ಕದಲ್ಲೇ ಕಾರು ನಿಲ್ಲಿಸುತ್ತೇನೆ. ಮುಚ್ಚಳ ತೆಗೆದು ನೋಡಿಲ್ಲ. ತೆಗೆದರೂ ಒಳಗಿರುವುದು ಈಗ ನಮ್ಮ ಬಾವುಟ.